ಎಣಿಸುವ ಮೊದಲು ಬರೆದದ್ದು

ಆಗಸ್ಟ್ 9

ಪ್ರೀತಿಯ ಅತ್ತೆ,

ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ಎರಡು ತಿಂಗಳ ಹಿಂದೆ ಹಾಸ್ಟೆಲ್ ಗೇಟಿನಲ್ಲಿ ನನ್ನನ್ನು ಬಿಟ್ಟು ಹೋಗುವಾಗ "ಅಳೋದಿದ್ರೆ ಬರೀಬೇಡ, ಓದೋದಿದ್ರೆ ಬರಿ" ಎಂದು ನೀವೇ ಹೇಳಿದ್ದಿರಿ. ಇದು ಎರಡರ ಮಧ್ಯದ್ದು. ಹಾಸ್ಟೆಲ್ ಫೋನಿನಲ್ಲಿ ಹೇಳೋಣವೆಂದರೆ ಕ್ಯೂನಲ್ಲಿ ನಿಂತ ಹನ್ನೊಂದು ಜನ ಕಿವಿ ಚಾಚಿರುತ್ತಾರೆ. ಅಪ್ಪನಿಗೆ ಹೇಳಿದರೆ ಅವರಿಗೆ ಟೆನ್ಶನ್, ಅವರ ಟೆನ್ಶನ್ ಕಂಡು ನನಗೆ ಡಬಲ್. ಆದ್ದರಿಂದ ನೀವೇ ಗತಿ. ನನ್ನ ಕನ್ನಡ ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದದ್ದು, ಅರ್ಧಕ್ಕೆ ಅರ್ಧ ಇಂಗ್ಲಿಷ್ ಸೇರಿಕೊಂಡಿದೆ. ಸಹಿಸಿಕೊಳ್ಳಿ.

ವಿಷಯ ಹುಳುಗಳದ್ದು. ನಮ್ಮ ಜೀವಶಾಸ್ತ್ರದ ಲ್ಯಾಬಿನಲ್ಲಿ ಪ್ರತಿಯೊಬ್ಬರಿಗೂ ಹನ್ನೆರಡು ಜಾಡಿ ಕೊಟ್ಟಿದ್ದಾರೆ. ಜಾಡಿಯಲ್ಲಿ ಗೋಧಿಹಿಟ್ಟು, ಹಿಟ್ಟಿನಲ್ಲಿ ಕಂದು ಹುಳು. ಹದಿನಾಲ್ಕು ದಿನಕ್ಕೊಮ್ಮೆ, ಸೋಮವಾರ, ಜರಡಿ ಹಿಡಿದು ದೊಡ್ಡವೆಷ್ಟು, ಮರಿಗಳೆಷ್ಟು ಎಂದು ಎಣಿಸಿ, ಹೊಸ ಹಿಟ್ಟಿಗೆ ವಾಪಸ್ ಬಿಡಬೇಕು. ರೆಕಾರ್ಡ್ ಪುಸ್ತಕದ ಬಲಗಡೆ ಪುಟದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. ಎಡಗಡೆ ಪುಟ ಖಾಲಿ ಇರಬೇಕು. ಇದು ಲ್ಯಾಬಿನ ಮೇಡಂ ರೂಲು.

ನನಗೆ ಎಡಗಡೆ ಪುಟ ಖಾಲಿ ಬಿಡಲು ಆಗಲಿಲ್ಲ ಅತ್ತೆ. ಮೂರು ಸಲ ಎಣಿಸಿದ ಮೇಲೆ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ದೊಡ್ಡ ಹುಳುಗಳು ಹಿಟ್ಟಿನಲ್ಲಿ ಓಡಾಡುತ್ತಾ ಅಡ್ಡ ಸಿಕ್ಕ ಮೊಟ್ಟೆಯನ್ನು ತಿನ್ನುತ್ತವೆ, ತಮ್ಮದೋ ಪಕ್ಕದವಳದ್ದೋ ನೋಡುವುದಿಲ್ಲ. ಹಾಗಾದರೆ ದೊಡ್ಡವು ಹೆಚ್ಚಿದ್ದ ಜಾಡಿಯಲ್ಲಿ ಮರಿಗಳು ಹೆಚ್ಚಲ್ಲ, ಕಡಿಮೆ ಇರಬೇಕು. ಒಂದು ಹುಳು ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ಪಾಲು ತಿನ್ನುತ್ತದೆ, ಇವೆರಡೇ ಅಂಕಿ ಇಟ್ಟುಕೊಂಡು ಮುಂದಿನ ಎಣಿಕೆಯನ್ನು ಇವತ್ತೇ ಹೇಳಬಹುದು. ಹೇಳಿ ಎಡಗಡೆ ಬರೆದೆ. ಮೇಡಂ ದೂರದಿಂದಲೇ ನೋಡಿ, "ಆ ಪುಟ ಹರಿದುಹಾಕು" ಎಂದರು. ಓದಲೂ ಇಲ್ಲ.

"ಯಾಕೆ ಮೇಡಂ?"

"ಮೊದಲೇ ಉತ್ತರ ಇಟ್ಕೊಂಡಿರೋ ಕಣ್ಣು ಎಣಿಸಲ್ಲಮ್ಮ, ಹುಡುಕುತ್ತೆ. ಮೊದಲು ನೋಡೋದು ಕಲಿ. ಥಿಯರಿ ಎಲ್ಲ ಆಮೇಲೆ, ಫೈನಲ್ ಇಯರಲ್ಲಿ."

ಹರಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಜಾಡಿಯಲ್ಲಿ ಈಗ 120 ದೊಡ್ಡ ಹುಳು ಇವೆ, ಆಗಸ್ಟ್ 18ಕ್ಕೆ ಮರಿಗಳು 23. ಏಳನೇ ಜಾಡಿಯಲ್ಲಿ ಬರೀ 30 ಇವೆ, ಮರಿಗಳು 85. ಉಳಿದ ಹತ್ತು ಜಾಡಿಯ ಅಂಕಿಗಳು ಹಿಂಬದಿಯಲ್ಲಿವೆ. ಸುಮ್ಮನೆ ಇಟ್ಟುಕೊಳ್ಳಿ. ಎಲ್ಲಾದರೂ ಒಂದು ಕಡೆ ಇರಲಿ ಅಷ್ಟೆ.

ನಿಮ್ಮ ಯಾಕಮ್ಮ


ಆಗಸ್ಟ್ 15

ಯಾಕಮ್ಮ,

ಕಾಗದ ಬಂತು. ಎರಡು ವರ್ಷದವಳಿದ್ದಾಗ "ಯಾಕೆ, ಯಾಕೆ" ಅಂತ ಪ್ರಾಣ ತಿಂದಿದ್ದಕ್ಕೆ ನಾನಿಟ್ಟ ಹೆಸರು ಇದು. ಕಾಲೇಜಿಗೆ ಹೋದ ಮೇಲಾದರೂ ಸುಳ್ಳಾಗುತ್ತದೆ ಅಂದುಕೊಂಡಿದ್ದೆ.

ನನ್ನನ್ನು ಕೇಳಿದರೆ ನಿಮ್ಮ ಮೇಡಂ ಹೇಳುವುದು ಸರಿ. ಈ ಕೋಳಿ ಹ್ಯಾಚರಿಗೆ ಸೇರಿ ಇಪ್ಪತ್ತಾರು ವರ್ಷವಾಯಿತು. ಎಷ್ಟು ಲಕ್ಷ ಮೊಟ್ಟೆ ಈ ಕೈಯಲ್ಲಿ ಮರಿಯಾಗಿವೆಯೋ ದೇವರಿಗೇ ಗೊತ್ತು, ಒಂದು ದಿನವೂ ಥಿಯರಿ ಬೇಕಾಗಲಿಲ್ಲ. ಏಳನೇ ದಿನ ಮೊಟ್ಟೆಯನ್ನು ದೀಪದ ಮುಂದೆ ಹಿಡಿಯುತ್ತೇವೆ. ಒಳಗೆ ಜೇಡನ ಕಾಲಿನ ಹಾಗೆ ಕೆಂಪು ನರ ಕಂಡರೆ ಟ್ರೇಗೆ, ಕಾಣದಿದ್ದರೆ ಬುಟ್ಟಿಗೆ. ನಿಮಿಷಕ್ಕೆ ಮೂವತ್ತು. ಯೋಚನೆ ಮಾಡುತ್ತಾ ಕೂತರೆ ಮೊಟ್ಟೆ ತಣ್ಣಗಾಗುತ್ತದೆ. ಮೊನ್ನೆ ಹೊಸದಾಗಿ ಬಂದ ಸೂಪರ್‌ವೈಸರ್ "ಅಕ್ಕ, ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ. "ಕೈಗೆ ಗೊತ್ತಾಗುತ್ತೆ ಕಣಪ್ಪ, ನನ್ನನ್ನ ಕೇಳಬೇಡ" ಎಂದೆ.

ಹೆತ್ತ ಮೊಟ್ಟೆಯನ್ನೇ ತಿನ್ನುವ ನಿನ್ನ ಹುಳುಗಳ ಕಥೆಯನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಪ್ಯಾಕಿಂಗಿನವಳು "ನಮ್ಮ ಅತ್ತೆಗೆ ಹೇಳಬೇಡ್ರಿ, ಐಡಿಯಾ ಬಂದೀತು" ಎಂದಳು. ನಕ್ಕೂ ನಕ್ಕೂ ಸಾಕಾಯಿತು.

ಹೊಟ್ಟೆ ತುಂಬ ತಿನ್ನು. ಮೇಡಂಗೆ ಎದುರಾಡಬೇಡ. ಕಾಗದ ಭದ್ರವಾಗಿದೆ.

ನಿನ್ನ ಅತ್ತೆ


ಆಗಸ್ಟ್ 20

ಅತ್ತೆ,

ಸೋಮವಾರ ಎಣಿಸಿದೆ. ಮೂರನೇ ಜಾಡಿ 26. ಏಳನೇ ಜಾಡಿ 81. ಉಳಿದವೂ ಹತ್ತಿರ ಹತ್ತಿರ. ಜರಡಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಪುಟ್ಟ ಹುಳುಗಳು ನನ್ನನ್ನು ಕೇಳದೆಯೇ ನಾನು ಹೇಳಿದಂತೆ ನಡೆದಿದ್ದವು.

ಆಮೇಲೆ ಒಂದು ದಡ್ಡ ಕೆಲಸ ಮಾಡಿದೆ. ಎಣಿಕೆಯನ್ನು ಬಲಗಡೆ ಬರೆದು, ಖುಷಿ ತಡೆಯಲಾರದೆ ಎಡಗಡೆ ಪುಟದಲ್ಲಿ "ಮೊದಲೇ ಹೇಳಿದ್ದೆ: 23, 85" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮೇಡಂ ಪುಸ್ತಕ ತೆಗೆದುಕೊಂಡು ಎರಡು ಪುಟವನ್ನೂ ಅಕ್ಕಪಕ್ಕ ನೋಡಿದರು.

"ಇದು ಯಾವಾಗ ಬರೆದಿದ್ದು?"

"ಈಗ. ಆದರೆ ಹೇಳಿದ್ದು ಮೊದಲೇ ಮೇಡಂ, ನೀವು ಹರಿದುಹಾಕಿಸಿದ್ರಲ್ಲ, ಆ ಪುಟದಲ್ಲಿ."

"ಆ ಪುಟ ಎಲ್ಲಿ?"

"ಕಸದ ಡಬ್ಬಿಗೆ ಹಾಕಿದೆ."

"ಎಣಿಸಿದ ಮೇಲೆ ಬರೆದು 'ಮೊದಲೇ ಹೇಳಿದ್ದೆ' ಅನ್ನೋದಕ್ಕೆ ಏನಂತಾರೆ ಗೊತ್ತಾ ನಿನಗೆ?"

ಅವರು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. ವಿಷಯ ವಿಭಾಗದ ಮುಖ್ಯಸ್ಥರವರೆಗೆ ಹೋಗಿದೆ. ಸೆಪ್ಟೆಂಬರ್ ಒಂದಕ್ಕೆ ವಿಚಾರಣೆ. ರೆಕಾರ್ಡನ್ನು ಆಮೇಲೆ ತಿದ್ದಿದ್ದೇನೆ ಎಂದು ಒಪ್ಪಿ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ. ಹಾಕದಿದ್ದರೆ ಲ್ಯಾಬ್ ಕೋರ್ಸ್ ರದ್ದು. ಲ್ಯಾಬ್ ಹೋದರೆ ಈ ವರ್ಷವೇ ಹೋದ ಹಾಗೆ.

ಆದರೆ ನನಗೆ ನೀವಿದ್ದೀರಿ. ಒಂಬತ್ತನೇ ತಾರೀಕಿನ ನನ್ನ ಕಾಗದವನ್ನು ಕವರ್ ಸಮೇತ ಕಳಿಸಿ. ಕವರಿನ ಮೇಲೆ ಅಂಚೆಯ ಮುದ್ರೆ ಇದೆ, ಅದರಲ್ಲಿ ತಾರೀಕು ಇದೆ. ಅಂಚೆ ಇಲಾಖೆ ನನ್ನ ಚಿಕ್ಕಪ್ಪನ ಮನೆಯಲ್ಲವಲ್ಲ. ಮುಖ್ಯಸ್ಥರ ಮೇಜಿನ ಮೇಲೆ ಇಡುತ್ತೇನೆ, ಮಾತೇ ಆಡುವುದಿಲ್ಲ.

ಅಪ್ಪನಿಗೆ ಹೇಳಬೇಡಿ.

ಯಾಕಮ್ಮ


ಆಗಸ್ಟ್ 24

ಯಾಕಮ್ಮ,

ನಿನ್ನ ಕಾಗದ ಇದರೊಳಗೆ ಇಟ್ಟಿದ್ದೇನೆ, ಎರಡೂ ಹಾಳೆ ಇವೆ, ನೋಡಿಕೊ.

ಇಲ್ಲಿ ಈ ವಾರ ಕೆಲಸ ಜಾಸ್ತಿ. ಕಾವು ಕೊಡುವ ಎರಡನೇ ಯಂತ್ರದ ಫ್ಯಾನು ಕೆಟ್ಟು ರಿಪೇರಿಯವನು ಎರಡು ದಿನ ಅದರೊಳಗೇ ಕೂತಿದ್ದ. ಹೊಸ ಸೂಪರ್‌ವೈಸರ್ ಒಳ್ಳೆಯವನೇ, ಆದರೆ ಮರಿಗಳಿಗೆ ಹೆದರುತ್ತಾನೆ.

ನಾನು ಯೋಚಿಸಿ ನೋಡಿದೆ. ಒಂದು ಸಹಿ ತಾನೆ. ದೊಡ್ಡವರ ಮುಂದೆ ಒಂದು ಸಲ ತಲೆ ತಗ್ಗಿಸಿದರೆ ಕುತ್ತಿಗೆ ಮುರಿಯುವುದಿಲ್ಲ. ನಾನೂ ಹಾಕಿದ್ದೇನೆ ಅಂಥ ಸಹಿಗಳನ್ನು. ವರ್ಷ ಉಳಿಯುತ್ತದೆ. ಹುಳುಗಳೆಷ್ಟು ಎಂದು ನಿನಗೆ ಗೊತ್ತಿದ್ದರೆ ಸಾಕು, ಊರಿಗೆಲ್ಲ ಗೊತ್ತಾಗಬೇಕೆ? ಸಹಿ ಹಾಕಿಬಿಡು. ಅಣ್ಣನಿಗೆ ನಾನು ಏನೂ ಹೇಳಿಲ್ಲ.

ನಿನ್ನ ಅತ್ತೆ


ಆಗಸ್ಟ್ 27

ಅತ್ತೆ,

ಕವರ್ ಎಲ್ಲಿ?

ಕಾಗದದ ತಲೆಯ ಮೇಲೆ ಆಗಸ್ಟ್ 9 ಎಂದು ನನ್ನದೇ ಕೈಬರಹದಲ್ಲಿದೆ. ಅದನ್ನು ನಿನ್ನೆ ಕೂತು ಬರೆದೆ ಎನ್ನಲು ಮೇಡಂಗೆ ಎಷ್ಟು ಹೊತ್ತು ಬೇಕು? ಕವರ್ ಸಮೇತ ಎಂದು ಸ್ಪಷ್ಟವಾಗಿ ಬರೆದಿದ್ದೆ. ನೀವು ಫ್ಯಾನಿನ ಬಗ್ಗೆ ಬರೆದಿರಿ.

ಮೂರು ಸಲ ಓದಿದ ಮೇಲೆ ಅರ್ಥವಾಯಿತು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಮಗೂ ಅನ್ನಿಸಿದೆ. ಆ ಅಂಕಿಗಳನ್ನು ನಿಮ್ಮ ಕೈಯಲ್ಲೇ ಹಿಡಿದು ಓದಿದ್ದೀರಿ, ಎಣಿಕೆಗೆ ಮೂರು ದಿನ ಮೊದಲೇ ಉತ್ತರವನ್ನೂ ಬರೆದಿದ್ದೀರಿ. ಆದರೂ ನಿಮಗೆ ಜಗಳ ಬೇಡ, ಅದಕ್ಕೇ ಸಹಿ ಹಾಕು ಎನ್ನುತ್ತಿದ್ದೀರಿ. ಹಾಕುವುದಿಲ್ಲ. ನಾನು ಹೆದರುಪುಕ್ಕಲಿ, ಗೊತ್ತು. ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಕೇಳಲೂ ಹೆದರುತ್ತೇನೆ. ಆದರೆ ಇದಕ್ಕೆ ಸಹಿ ಹಾಕುವುದಿಲ್ಲ.

ಇನ್ನೊಂದು ಮಾತು, ಕೋಪ ಬಂದರೂ ಓದಿ. ನಿಮಗೆ ಥಿಯರಿ ಬೇಡ ಎಂದಿರಿ. ನರ ಕಾಣದ ಮೊಟ್ಟೆಯಿಂದ ಮರಿ ಬರುವುದಿಲ್ಲ ಎಂದು ನಿಮಗೆ ಹೇಳಿದ್ದು ಯಾರು? ಮೊಟ್ಟೆಯೇ? ಬುಟ್ಟಿಗೆ ಹಾಕಿದ ಮೊಟ್ಟೆ ಆಮೇಲೆ ಏನಾಯಿತು ಎಂದು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯಾದರೂ ನೋಡಿದ್ದೀರಾ? ಏನು ನೋಡಬೇಕು, ಎಲ್ಲಿ ನೋಡಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡೇ ನೀವು ಮೊಟ್ಟೆಯನ್ನು ದೀಪಕ್ಕೆ ಹಿಡಿಯುತ್ತೀರಿ. ಇಲ್ಲದಿದ್ದರೆ ನಿಮಿಷಕ್ಕೆ ಮೂವತ್ತು ಆಗುವುದೇ ಇಲ್ಲ. ಮೇಡಂ ಕೂಡ ಹಾಗೆಯೇ. ದೊಡ್ಡವನ್ನೂ ಮರಿಗಳನ್ನೂ ಬೇರೆ ಬೇರೆ ಎಣಿಸಿ ಎಂದರು, ಹುಳುಗಳ ಬಣ್ಣ ನೋಡಿ ಎನ್ನಲಿಲ್ಲ. ಯಾಕೆ? ಅವರ ತಲೆಯಲ್ಲೂ ಒಂದು ಥಿಯರಿ ಕೂತಿದೆ. ನಿಮ್ಮಿಬ್ಬರದ್ದಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸ ಒಂದೇ. ನಾನು ನನ್ನದನ್ನು ಬರೆದಿಡುತ್ತೇನೆ. ಆದ್ದರಿಂದ ನನ್ನದು ತಪ್ಪಾದರೆ ಸಿಕ್ಕಿಬೀಳುತ್ತದೆ. ನಿಮ್ಮದು ಬುಟ್ಟಿಯಲ್ಲಿ ಹೋಗುತ್ತದೆ.

ಸೋಮವಾರ ಒಬ್ಬಳೇ ಹೋಗುತ್ತೇನೆ.


ಆಗಸ್ಟ್ 30

ಯಾಕಮ್ಮ,

ನೀನು ಸಹಿಯನ್ನೂ ಹಾಕದೆ ಕಳಿಸಿದ ಕಾಗದ ಬೆಳಿಗ್ಗೆ ಬಂತು. ಏಪ್ರನ್ ಕೂಡ ಬಿಚ್ಚದೆ ಬರೆಯುತ್ತಿದ್ದೇನೆ. ಸೋಮವಾರದೊಳಗೆ ನಿನಗೆ ತಲುಪುವುದಿಲ್ಲ, ಗೊತ್ತಿದೆ.

ಕವರನ್ನು ನಾನು ಕತ್ತರಿಸಿದೆ. ಇಲ್ಲಿ ಪ್ರತಿ ಟ್ರೇಗೂ ಮೊಟ್ಟೆ ಇಟ್ಟ ತಾರೀಕಿನ ಚೀಟಿ ಸಿಕ್ಕಿಸಬೇಕು. ತೆಳು ಹಾಳೆ ಯಂತ್ರದ ಹಬೆಗೆ ಮೆತ್ತಗಾಗುತ್ತದೆ, ಅದಕ್ಕೆ ದಪ್ಪ ಕವರ್ ಸಿಕ್ಕರೆ ಬಿಡುವುದಿಲ್ಲ. ನಿನ್ನ ಕಾಗದ ಬಂದ ದಿನವೇ, ಓದಿ ನಗುತ್ತಾ ನಗುತ್ತಾ, ನಾಲ್ಕು ಚೀಟಿ ಮಾಡಿ, ಮರಿಯಾಗಲು ಕೆಲವೇ ದಿನ ಉಳಿದಿದ್ದ ಟ್ರೇಗಳ ಮೆತ್ತಗಾದ ಚೀಟಿ ಬದಲಿಸಿದೆ. ನೀನು ಕೇಳಿದಾಗ ಓಡಿ ಹೋಗಿ ನೋಡಿದೆ. ಆ ಟ್ರೇಗಳನ್ನು ಔಷಧದ ನೀರಿನಲ್ಲಿ ತೊಳೆದಾಗಿತ್ತು. ಒಂದು ಚೂರು ಸಿಕ್ಕಿತು, ಅದರ ಮೇಲೆ ಮುದ್ರೆಯಿಲ್ಲ, ನನ್ನದೇ ಅಕ್ಷರ.

ಹೇಳಲು ನಾಚಿಕೆಯಾಯಿತು. ಅದಕ್ಕೇ ಸಹಿ ಹಾಕು ಎಂದು ಬರೆದೆ. ನೀನು ಸುಳ್ಳು ಹೇಳಿದೆ ಎಂದು ಒಂದು ಕ್ಷಣವೂ ಅಂದುಕೊಂಡಿಲ್ಲ ಕಣೇ. ನನ್ನ ತಪ್ಪನ್ನು ನಿನ್ನ ಸಹಿಯಲ್ಲಿ ಮುಚ್ಚಿಡಲು ಹೋದೆ. ನನ್ನ ಹೆಸರು ಹೇಳಿ ಏನು ಬೇಕಾದರೂ ಅನ್ನು, ಹಾಕಬೇಡ ಆ ಸಹಿ.

ಬುಟ್ಟಿಯ ಮಾತು ಚುಚ್ಚಿತು. ಇವತ್ತು ಒಂದು ತಂಡಕ್ಕೆ ಏಳನೇ ದಿನ. ಬುಟ್ಟಿಗೆ ಹಾಕಬೇಕಾಗಿದ್ದ ಐದು ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ "ಬರುವುದಿಲ್ಲ" ಎಂದು ಬರೆದು ವಾಪಸ್ ಅವುಗಳ ಟ್ರೇಗೇ ಇಟ್ಟಿದ್ದೇನೆ. ಸೂಪರ್‌ವೈಸರ್ ಕೇಳಿದ, "ಅಕ್ಕ, ಬರಲ್ಲ ಅಂದ್ರೆ ಯಾಕೆ ಇಡ್ತೀರಿ?" ನಾನು ಹೇಳಿದೆ, "ನನ್ನನ್ನೇ ಹಿಡಿಯೋಕೆ ಇಡ್ತಿದೀನಿ."

ನಿನ್ನ ಅತ್ತೆ


ಸೆಪ್ಟೆಂಬರ್ 3

ಅತ್ತೆ,

ನಿಮ್ಮ ಕಾಗದ ಇವತ್ತು ಬಂತು. ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬುಟ್ಟಿಯ ಮಾತು ಬಿಟ್ಟು. ಅದು ಇರಲಿ.

ಸೋಮವಾರದ್ದು ಕೇಳಿ. ಉದ್ದ ಮೇಜು, ಒಂದು ಕಡೆ ಮುಖ್ಯಸ್ಥರು, ಮೇಡಂ, ಆಫೀಸಿನ ಗುಮಾಸ್ತರು, ಇನ್ನೊಂದು ಕಡೆ ನಾನು ಮತ್ತು ಕ್ಯಾಪ್ ಇಲ್ಲದ ಪೆನ್ನು. ಪತ್ರ ಟೈಪ್ ಆಗಿಯೇ ಇತ್ತು.

"ನಾನು ಸಹಿ ಹಾಕಲ್ಲ ಸರ್."

ಗುಮಾಸ್ತರು ಮೇಲೆ ನೋಡಿದರು. ಮೇಡಂ ಹೇಳಿದರು, "ಹೋದ ವರ್ಷ ನಾಲ್ಕು ಜನ ಜಾಡಿ ತೆರೀದೇನೇ ಎಣಿಕೆ ಬರೆದಿದ್ರು ಸರ್. ಲೆಕ್ಕ ಮಾತ್ರ ಚೆನ್ನಾಗಿತ್ತು, ಹುಳು ಸತ್ತು ತಿಂಗಳಾಗಿತ್ತು. ನನಗೆ ಇವಳ ಮೇಲೆ ದ್ವೇಷ ಇಲ್ಲ. ಜೀವ ಇರೋದು ಸೂತ್ರದ ಮಾತು ಕೇಳಲ್ಲ ಅಂತ ಗೊತ್ತಾಗಲಿ ಅಷ್ಟೆ."

ಸತ್ತ ಹುಳುಗಳ ವಿಷಯ ನನಗೆ ಗೊತ್ತಿರಲಿಲ್ಲ. ಅವರು ಹೆದರುತ್ತಿರುವುದೂ ಖಾಲಿ ಹೆದರಿಕೆಯಲ್ಲ ಅತ್ತೆ. ಆದರೂ ಎದ್ದು ನಿಂತೆ. ಬೋರ್ಡ್ ಹಿಂದೆಯೇ ಇತ್ತು.

"ಕೇಳದೇ ಇದ್ರೆ ಸೂತ್ರ ತಪ್ಪು ಮೇಡಂ, ಹುಳು ತಪ್ಪಲ್ಲ. ಅದನ್ನ ಹಿಡಿಯೋಕೇ ಸೂತ್ರ ಬೇಕು. ಬೆಳಿಗ್ಗೆ ಎಣಿಸಿದ್ದು ನಿಮ್ಮ ಹತ್ರಾನೇ ಇದೆ. ಹದಿನೈದನೇ ತಾರೀಕಿಗೆ ಹನ್ನೆರಡು ಜಾಡೀಲೂ ಮರಿ ಎಷ್ಟು ಅಂತ ಈಗಲೇ ಬರೀತೀನಿ. ಜಾಡಿಗಳನ್ನ ನೀವೇ ಬೀಗ ಹಾಕಿ ಇಟ್ಕೊಳ್ಳಿ. ನೀವೇ ಎಣಿಸಿ."

ಮುಖ್ಯಸ್ಥರು ಕನ್ನಡಕ ತೆಗೆದರು. "ತಪ್ಪಾದರೆ?"

"ತಪ್ಪಾಗಿದೆ ಅಂತ ಬರೆದು ಸಹಿ ಹಾಕ್ತೀನಿ ಸರ್. ಕದ್ದಿದೀನಿ ಅಂತ ಹಾಕಲ್ಲ."

ಬರೆದೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಗುಮಾಸ್ತರು ನಕಲು ಮಾಡಿಕೊಂಡರು. ಹನ್ನೆರಡರಲ್ಲಿ ಯಾವುದೂ ಹತ್ತಕ್ಕಿಂತ ಹೆಚ್ಚು ಆಚೀಚೆ ಆಗಬಾರದು, ಒಂದು ಹಾಗಾದರೂ ಲ್ಯಾಬ್ ರದ್ದು ಎಂದು ಮುಖ್ಯಸ್ಥರು ಷರತ್ತು ಹಾಕಿದರು. ಸಂಜೆಯೇ ಜಾಡಿಗಳು ಬೀಗದ ಬೀರುವಿಗೆ ಹೋದವು. ಆಮೇಲೆ ಮೆಸ್ಸಿನಲ್ಲಿ ಎರಡು ಸಲ ಅನ್ನ ಕೇಳಿದೆ.

ಯಾಕಮ್ಮ


ಸೆಪ್ಟೆಂಬರ್ 14

ಯಾಕಮ್ಮ,

ಐದರಲ್ಲಿ ನಾಲ್ಕು ಬರಲಿಲ್ಲ. ಒಡೆದು ನೋಡಿದೆ, ಒಳಗೆ ಏನೂ ಇಲ್ಲ. ಐದನೆಯದು ನಿನ್ನೆ ಬರಬೇಕಾದದ್ದು, ಬರಲಿಲ್ಲ. ನಾನೇ ಗೆದ್ದೆ ಎಂದುಕೊಂಡೆ. ಇವತ್ತು ಬೆಳಿಗ್ಗೆ "ಬರುವುದಿಲ್ಲ" ಎಂಬ ಅಕ್ಷರದ ಮಧ್ಯಕ್ಕೇ ಕೊಕ್ಕು ಹಾಕಿ ಒಡೆದುಕೊಂಡು ಬಂತು. ಒದ್ದೆ ಮರಿ, ಕಿರುಚಿದ್ದೇ ಕಿರುಚಿದ್ದು. ಇಪ್ಪತ್ತಾರು ವರ್ಷ. ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ಆ ಮೊಟ್ಟೆ ಯಾವ ಟ್ರೇಯದ್ದು ಎಂದು ಹುಡುಕಿದೆ. ಯಂತ್ರದ ಬಾಗಿಲ ಬದಿಯದ್ದು. ಅಲ್ಲಿ ಕಾವು ಸ್ವಲ್ಪ ಕಡಿಮೆ, ಮರಿ ತಡ. ಇದು ನಮಗೆಲ್ಲ ಗೊತ್ತೇ ಇತ್ತು. ಹಾಗಾದರೆ ಏಳನೇ ದಿನ ಅದರ ನರ ಆರನೇ ದಿನದಷ್ಟೇ ತೆಳ್ಳಗಿರುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಗೊತ್ತಿದ್ದ ಎರಡು ಮಾತು ಒಂದೇ ತಲೆಯಲ್ಲಿ ಇಷ್ಟು ವರ್ಷ ಒಂದನ್ನೊಂದು ಮಾತಾಡಿಸದೆ ಕೂತಿದ್ದವು. ನಾಳೆಯಿಂದ ಬಾಗಿಲ ಬದಿಯ ಟ್ರೇಗಳನ್ನು ಎಂಟನೇ ದಿನ ದೀಪಕ್ಕೆ ಹಿಡಿಯಬೇಕು ಎಂದು ಸೂಪರ್‌ವೈಸರ್‌ಗೆ ಹೇಳಿದ್ದೇನೆ. "ರೂಲ್ ಏಳನೇ ದಿನ ಅಂತಿದೆಯಲ್ಲ ಅಕ್ಕ" ಎಂದ. "ರೂಲ್ ಬರೆದವರನ್ನ ಕರಿ, ಮರಿ ತೋರಿಸ್ತೀನಿ" ಎಂದೆ.

ನಾಳೆ ನಿನ್ನ ಎಣಿಕೆ. ಏನಾಯಿತು ಎಂದು ಬರಿ.

ನಿನ್ನ ಅತ್ತೆ


ಸೆಪ್ಟೆಂಬರ್ 18

ಪ್ರೀತಿಯ ಅತ್ತೆ,

ಹನ್ನೊಂದು ಸರಿ. ಒಂದು ತಪ್ಪು, ದೊಡ್ಡ ತಪ್ಪು. ಒಂಬತ್ತನೇ ಜಾಡಿಗೆ 60 ಎಂದಿದ್ದೆ, ಇದ್ದದ್ದು 19.

ಮೇಡಂ ತಾವೇ ಎಣಿಸಿದರು. ಆ ಜಾಡಿಯನ್ನು ಮೂರು ಸಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎದ್ದೇಳಲಿಲ್ಲ. ಕೊನೆಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಮುಖದಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಹನ್ನೊಂದು ಸರಿ ಇದೆ. ನಾನು ನಿನ್ನ ಬಗ್ಗೆ ಅಂದುಕೊಂಡಿದ್ದು ತಪ್ಪು. ಈ ಜಾಡಿ ಏನೋ ಕೆಟ್ಟಿದೆ, ಬಿಡು, ಲೆಕ್ಕಕ್ಕೆ ತಗೋಳೋದು ಬೇಡ. ಹನ್ನೊಂದು ಅಂತ ಬರಿ, ನಾನೇ ಸಹಿ ಹಾಕ್ತೀನಿ. ಇವತ್ತಿಗೆ ಮುಗೀತು."

ಅತ್ತೆ, ನನಗೆ ಅಳು ಬಂತು. ಎಷ್ಟು ಸುಲಭವಿತ್ತು. ಆದರೆ ತಪ್ಪಾದದ್ದನ್ನು ಎತ್ತಿ ಆಚೆ ಇಟ್ಟರೆ ಆವತ್ತು ಅವರು ನನ್ನನ್ನು ಏನೆಂದುಕೊಂಡಿದ್ದರೋ ಅದೇ ಆಗಿಬಿಡುತ್ತೇನೆ.

"ಒಂಬತ್ತು ಇರಲಿ ಮೇಡಂ. ತೆಗೆದುಬಿಟ್ರೆ ಅದು ಎಣಿಕೆ ಅಲ್ಲ, ಹುಡುಕೋದು. ನೀವೇ ಹೇಳಿದ್ದು."

ಅವರು ರೆಕಾರ್ಡ್ ಪುಸ್ತಕ ಎತ್ತಿಕೊಂಡರು. ಆಮೇಲೆ "ಹಠಮಾರಿ" ಎಂದು ಹೇಳಿ ಮುಖ್ಯಸ್ಥರ ಹತ್ತಿರ ನನ್ನ ಜೊತೆಗೇ ಬಂದರು. ಷರತ್ತು ಹನ್ನೆರಡಕ್ಕೆ, ಆದ್ದರಿಂದ ಸೋತ ಹಾಗೆ ಎಂದರು ಮುಖ್ಯಸ್ಥರು. ಮೇಡಂ ನನ್ನ ಪರವಾಗಿ ಇನ್ನೊಂದು ಎಣಿಕೆ ಕೇಳಿದರು. ಸೆಪ್ಟೆಂಬರ್ 29. ಒಂಬತ್ತು ಯಾಕೆ ತಪ್ಪಿತು ಎಂದು ಎಣಿಸುವ ಮೊದಲೇ ಬರೆದು ಕೊಡಬೇಕು, ಹೊಸ ಅಂಕಿಯೂ ಅದರ ಜೊತೆ. ತಪ್ಪಿದರೆ ಲ್ಯಾಬ್ ರದ್ದು, ಇನ್ನು ಮಾತಿಲ್ಲ.

ಬೀರು ನೋಡಲು ಹೋದೆ. ಮೇಲಿನ ಹಲಗೆಯಲ್ಲಿ ಹನ್ನೊಂದು ಜಾಡಿ ಹಿಡಿಸಿವೆ. ಜಾಗ ಸಾಲದ ಒಂಬತ್ತನೆಯದನ್ನು ಕೆಳಗೆ, ಹಿಂಬದಿಯ ತಗಡಿಗೆ ಒತ್ತಿ ಇಟ್ಟಿದ್ದಾರೆ. ಗೋಡೆಯಾಚೆ ಕೋಲ್ಡ್ ರೂಮ್. ತಗಡು ಮುಟ್ಟಿದರೆ ತಣ್ಣಗಿದೆ. ಯೋಚಿಸುತ್ತಾ ಹಾಸ್ಟೆಲಿಗೆ ಬಂದರೆ ನಿಮ್ಮ ಕಾಗದ ಕಾದಿತ್ತು, ಬಾಗಿಲ ಬದಿಯ ಟ್ರೇಯ ಮಾತು ಓದಿದ ತಕ್ಷಣ ಹೊಳೆಯಿತು. ಮೊಟ್ಟೆ ತಿನ್ನುವ ಲೆಕ್ಕ ತಪ್ಪಲ್ಲ ಅನ್ನಿಸುತ್ತದೆ ಅತ್ತೆ. ಎಲ್ಲ ಜಾಡಿಯಲ್ಲೂ ದಿನ ಒಂದೇ ವೇಗದಲ್ಲಿ ಓಡುತ್ತದೆ ಎಂದುಕೊಂಡದ್ದು ತಪ್ಪು. ಅದನ್ನು ನಾನು ಎಲ್ಲೂ ಬರೆದಿರಲೇ ಇಲ್ಲ. ಬರೆಯದ ಥಿಯರಿ ನನ್ನ ತಲೆಯಲ್ಲೂ ಒಂದು ಕೂತಿತ್ತು. ಜಾಡಿಯನ್ನು ಅಲ್ಲಿಂದ ಎತ್ತಬೇಡಿ ಎಂದು ಮೇಡಂಗೆ ಹೇಳಿದ್ದೇನೆ. ಬೆಚ್ಚಗಿನ ಜಾಗಕ್ಕೆ ಇಟ್ಟರೆ ಗೆಲ್ಲಬಹುದು, ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಇಪ್ಪತ್ತಾರು ವರ್ಷ ನನಗೆ ಬೇಕು. ಬಾಗಿಲ ಬದಿಯ ಟ್ರೇ ಒಂದು ಡಿಗ್ರಿ ತಣ್ಣಗಿದ್ದರೆ ಮರಿ ಎಷ್ಟು ಗಂಟೆ ತಡ? ಎರಡು ಡಿಗ್ರಿಯಾದರೆ ಅದರ ಎರಡರಷ್ಟೋ, ಇನ್ನೂ ಜಾಸ್ತಿಯೋ? ಕೋಳಿಯ ಅಂಕಿ ಹುಳುವಿಗೆ ಹೊಂದುವುದಿಲ್ಲ, ಆದರೆ ತಡವಾಗುವ ರೀತಿ ಒಂದೇ ಇರಬಹುದು. ಇಲ್ಲದೆಯೂ ಇರಬಹುದು. ಇದೆ ಎಂದೇ ಬರೆದು ಕೊಡುತ್ತೇನೆ, ನನ್ನ ಹೆಸರು ಹಾಕಿ. ನೀವು ಅಳೆದದ್ದು ಯಾವುದು, ಕೈಗೆ ಗೊತ್ತಿರುವುದು ಯಾವುದು ಎಂದು ಬೇರೆ ಬೇರೆ ಬರೆಯಿರಿ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಹತ್ತಕ್ಕೆ ಬೀರು ತೆರೆಯುತ್ತಾರೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಯಾಕಮ್ಮ